ಪಿರಂಗುಟ್ ಘಾಟ್ ಹತ್ತುವಷ್ಟು ಕರೆಂಟ್: ಹಳೆಯ ಸೈಕಲ್‌ಗೆ ಮೋಟಾರ್ ಕೂಡಿಸಿದ ದಾಖಲೆ

ಮನೆ ಪುಣೆಯ ಕೋಥ್ರೂಡ್‌ನಲ್ಲಿ, ಕೆಲಸ ಪಿರಂಗುಟ್‌ನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ. ಪೌಡ್ ರಸ್ತೆಯಲ್ಲಿ ಒಂದು ಕಡೆಗೆ 14 ಕಿ.ಮೀ. ಗೋಕಾಕದಿಂದ ಇಲ್ಲಿಗೆ ಬಂದ ಮೇಲೆ ಹನ್ನೊಂದು ವರ್ಷ ಇದೇ ದಾರಿಯನ್ನು ಗೇರ್ ಸೈಕಲ್‌ನಲ್ಲಿ ತುಳಿದಿದ್ದೇನೆ. 2023ರ ಮಳೆಗಾಲದಲ್ಲಿ ಬಲಗಾಲಿನ ಮಂಡಿ ಹಿಡಿದುಕೊಂಡಿತು. ಸಪಾಟು ರಸ್ತೆಯಲ್ಲಿ ಏನೂ ಇಲ್ಲ. ಏರು ಬಂದರೆ ಚಿಪ್ಪಿನ ಕೆಳಗೆ ಸೂಜಿ ಚುಚ್ಚಿದಂತೆ ನೋವು. ವೈದ್ಯರು ಸೈಕಲ್ ಬಿಡಿ ಎನ್ನಲಿಲ್ಲ, ಏರಿನಲ್ಲಿ ಒತ್ತಿ ತುಳಿಯಬೇಡಿ ಎಂದರು. ಸ್ಕೂಟರ್ ಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಬೆಳಗಿನ ಆ ಮುಕ್ಕಾಲು ಗಂಟೆ ದಿನದಲ್ಲಿ ನನ್ನದೇ ಆದ ಹೊತ್ತು, ಅದನ್ನು ಬಿಟ್ಟುಕೊಡಲಾರೆ.

ಹಾಗಾಗಿ ಇದ್ದ ಸೈಕಲ್‌ಗೇ ಮೋಟಾರ್ ಕೂಡಿಸಿದೆ. 2024ರ ಜನವರಿಯಲ್ಲಿ ಹಿಡಿದ ಕೆಲಸ ಯುಗಾದಿಗೆ ಮುಗಿಯಿತು. ಮೂರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ನಾನು ಕೆಟ್ಟಿಲ್ಲದ ವಸ್ತುವನ್ನು ಸರಿಪಡಿಸುತ್ತಿದ್ದೆ. ಇದೇ ಕೆಲಸಕ್ಕೆ ಕೈ ಹಾಕುವವರು ಆ ಭಾಗವನ್ನು ಮೊದಲು ಓದಿಕೊಳ್ಳಲಿ ಎಂಬ ಆಸೆಯಿಂದ ಎಲ್ಲವನ್ನೂ ದಿನಾಂಕದ ಸಮೇತ ಬರೆಯುತ್ತಿದ್ದೇನೆ.

ಜನವರಿ 7, ಭಾನುವಾರ: ದಾರಿಯ ಅಳತೆ

ಏನನ್ನೂ ಕೊಳ್ಳುವ ಮೊದಲು ಏರು ಎಷ್ಟಿದೆ ಎಂದು ತಿಳಿಯಬೇಕಿತ್ತು. ಬೆಳಿಗ್ಗೆ ಆರಕ್ಕೆ ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ, ರಸಮಟ್ಟ, ಸ್ಕೇಲ್ ಹಿಡಿದು ಹೊರಟೆ. ಪಟ್ಟಿಯನ್ನು ರಸ್ತೆಯ ಅಂಚಿನಲ್ಲಿ ಏರಿನ ದಿಕ್ಕಿಗೆ ಇಟ್ಟು, ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಕೆಳತುದಿಯನ್ನು ಎತ್ತಬೇಕು. ಆ ತುದಿಯ ಅಡಿಯಲ್ಲಿ ಎಷ್ಟು ಸೆಂಟಿಮೀಟರ್ ಬೆಳಕು ಕಾಣುತ್ತದೆಯೋ ಅದೇ ನೂರಕ್ಕೆ ಎಷ್ಟು ಏರು ಎಂಬ ಲೆಕ್ಕ.

ಕೋಥ್ರೂಡ್ ಡಿಪೋದಿಂದ ಚಾಂದಣಿ ಚೌಕ್‌ಗೆ ಹತ್ತುವಲ್ಲಿ ಐದರಿಂದ ಆರು. ಭೂಗಾಂವ್, ಭುಕುಮ್ ದಾಟುವವರೆಗೆ ಸಣ್ಣಪುಟ್ಟ ಏರಿಳಿತ. ಪಿರಂಗುಟ್ ಘಾಟ್ ಬೆಳಿಗ್ಗೆ ಹೋಗುವಾಗ ಇಳಿಜಾರು, ಸಂಜೆ ಬರುವಾಗ ಏರು: ಬಹುಪಾಲು ಏಳು, ಒಂದು ತಿರುವಿನಲ್ಲಿ ಎಂಟು. ಅಂದರೆ ದಿನದ ಅತಿ ಕಷ್ಟದ ಏರು ಬರುವುದು ಬ್ಯಾಟರಿ ಅರ್ಧ ಖಾಲಿಯಾದ ಮೇಲೆ. ಈ ಮಾತನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬರೆದದ್ದಕ್ಕೆ ಬೆಲೆ ಕೊಡದೆ ಹೋದೆ.

ಕಾರ್ಖಾನೆಯ ತೂಕದ ಯಂತ್ರದಲ್ಲಿ ನನ್ನ ತೂಕ 72 ಕೆ.ಜಿ., ಸೈಕಲ್ 17, ಚೀಲ 4. ಮೋಟಾರ್, ಬ್ಯಾಟರಿ ಎಲ್ಲ ಸೇರಿದರೆ ಹೆಚ್ಚುಕಡಿಮೆ 100 ಕೆ.ಜಿ. ನೂರಕ್ಕೆ ಏಳರ ಏರಿನಲ್ಲಿ 100 ಕೆ.ಜಿ.ಯನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಮೇಲಕ್ಕೆ ಒಯ್ಯಲು ಗಾಲಿಯಲ್ಲಿ ಸುಮಾರು 330 ವ್ಯಾಟ್ ಬೇಕು. ಮಂಡಿಗೆ ನೋವಾಗದಂತೆ ನಾನು 100 ವ್ಯಾಟ್ ಕೊಡಬಲ್ಲೆ. ಉಳಿದದ್ದನ್ನು ಮೋಟಾರ್ ಕೊಡಬೇಕು. ಇಡೀ ಕೆಲಸಕ್ಕೆ ನಾನು ಹಾಕಿದ ಲೆಕ್ಕ ಇಷ್ಟೇ, ಇದಕ್ಕಿಂತ ಹೆಚ್ಚಿನದು ಬೇಕಾಗಲೂ ಇಲ್ಲ.

15 ಕಿ.ಮೀ. ಏಕೆಂದರೆ, ಚಾಂದಣಿ ಚೌಕ್‌ನಲ್ಲಿ 2022ರ ಅಕ್ಟೋಬರ್‌ನಲ್ಲಿ ಹಳೆಯ ಸೇತುವೆಯನ್ನು ಸ್ಫೋಟಿಸಿ ಕೆಡವಿ, 2023ರ ಆಗಸ್ಟ್‌ನಲ್ಲಿ ಹೊಸ ಮೇಲ್ಸೇತುವೆ ತೆರೆದ ಮೇಲೆ ಅಲ್ಲಿ ವಾಹನಗಳ ವೇಗ ಹೆಚ್ಚಿದೆ. ಏಳು ಕಿ.ಮೀ. ವೇಗದಲ್ಲಿ ಓಲಾಡುತ್ತ ಹತ್ತುವ ಸೈಕಲ್ ಸವಾರನಿಗೆ ಅದು ಒಳ್ಳೆಯ ಜಾಗವಲ್ಲ.

ಜನವರಿ 21: ಕಿಟ್ ಕೂಡಿಸಿದ್ದು

36 ವೋಲ್ಟ್, 250 ವ್ಯಾಟ್‌ನ ಗೇರ್ ಇರುವ ಹಿಂಗಾಲಿಯ ಹಬ್ ಮೋಟಾರ್ (ಗಾಲಿಯ ನಡುವಿನಲ್ಲೇ ಕೂರುವಂಥದ್ದು), ಮೋಟಾರ್‌ಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ 15 ಆಂಪಿಯರ್ ಕಂಟ್ರೋಲರ್, ಡಿಸ್‌ಪ್ಲೇ, ಪೆಡಲ್ ಸೆನ್ಸರ್, ಥ್ರಾಟಲ್, ಕರೆಂಟ್ ಕಡಿಯುವ ಬ್ರೇಕ್ ಹಿಡಿಗಳು: ಎಲ್ಲ ಸೇರಿ 12,800 ರೂಪಾಯಿ. ನನ್ನದು 26 ಇಂಚಿನ ಉಕ್ಕಿನ ಫ್ರೇಮ್, ಹಿಂದೆ 135 ಮಿ.ಮೀ. ಅಂತರ, ಏಳು ಹಲ್ಲುಚಕ್ರದ ಫ್ರೀವೀಲ್. ಮೋಟಾರ್ ನೇರವಾಗಿ ಕೂತಿತು. ಅಲ್ಯೂಮಿನಿಯಂ ಫ್ರೇಮ್ ಇದ್ದವರು ಅಚ್ಚು ಕೂರುವ ಬಾಯಿಯ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು. ಮೋಟಾರಿನ ತಿರುಚುವ ಬಲಕ್ಕೆ ಅದು ಬಿರಿಯುತ್ತದೆ.

ಉಕ್ಕಿನ ಫ್ರೇಮ್ ಆದರೂ ಅಚ್ಚು ತಿರುಗದಂತೆ ಹಿಡಿಯುವ ತೋಳು ಬೇಕೇ ಬೇಕು. ಕಿಟ್ ಜೊತೆ ಬಂದದ್ದು 3 ಮಿ.ಮೀ. ತಗಡು, ಅದರ ಸೀಳು 10.6 ಮಿ.ಮೀ. ಅಚ್ಚಿನ ಚಪ್ಪಟೆ ಮೈ 10 ಮಿ.ಮೀ. ಆ ಆರು ದಶಾಂಶದ ಸಡಿಲಿನಲ್ಲಿ ಅಚ್ಚು ಪ್ರತಿ ಸಲ ಹೊರಡುವಾಗ, ಬ್ರೇಕ್ ಹಿಡಿದಾಗ ಅತ್ತಿತ್ತ ಕುಟ್ಟುತ್ತದೆ, ನಟ್ ಸಡಿಲಾಗುತ್ತದೆ, ಒಂದು ದಿನ ಅಚ್ಚು ಪೂರ್ತಿ ತಿರುಗಿ ತಂತಿಗಳನ್ನು ಕತ್ತರಿಸುತ್ತದೆ. ಅದನ್ನು ಪಕ್ಕಕ್ಕಿಟ್ಟು 6 ಮಿ.ಮೀ. ಉಕ್ಕಿನ ತುಂಡಿನಲ್ಲಿ ಹೊಸದನ್ನು ಮಾಡಿದೆ. ಸೀಳನ್ನು 9.8ಕ್ಕೆ ಕೊರೆದು, ಉಳಿದದ್ದನ್ನು ಸಣ್ಣ ಅರದಿಂದ ಉಜ್ಜುತ್ತ, ಪ್ರತಿ ಹತ್ತು ಉಜ್ಜಿಗೊಮ್ಮೆ ಅಚ್ಚಿಗೆ ತೊಡಿಸಿ ನೋಡುತ್ತ ಹೋದೆ. ಕೊನೆಗೆ ಮರದ ಸುತ್ತಿಗೆಯ ಎರಡು ಮೆಲ್ಲನೆಯ ಏಟಿಗೆ ಒಳಗೆ ಹೋಗಿ ಕೂತಿತು. ಕೈಯಿಂದ ಅಲ್ಲಾಡಿಸಿದರೆ ಏನೂ ಕದಲಲಿಲ್ಲ. ಇಡೀ ಕೆಲಸದಲ್ಲಿ ಒಂದೇ ಸಲಕ್ಕೆ ಸರಿಯಾದದ್ದು ಇದೊಂದು. ಇವತ್ತಿಗೂ ಅದರ ನಟ್‌ಗೆ ಪಾನಾ ಹಚ್ಚಿಲ್ಲ.

ಬ್ಯಾಟರಿ ಮಾತ್ರ ಸಿದ್ಧವಾದದ್ದನ್ನೇ ಕೊಂಡೆ. ನಗರದ ಒಬ್ಬ ಮಾರಾಟಗಾರರಿಂದ, ಚಾರ್ಜರ್ ಸಮೇತ 9,500 ರೂಪಾಯಿ. ಮೇಲೆ 36 ವೋಲ್ಟ್, 10 ಆಂಪಿಯರ್-ಅವರ್ ಎಂದು ಚೀಟಿ ಇತ್ತು. ಎರಡನ್ನೂ ಗುಣಿಸಿದರೆ 360 ವ್ಯಾಟ್-ಅವರ್ ಶಕ್ತಿ, ದಿನಕ್ಕೆ 28 ಕಿ.ಮೀ., ಧಾರಾಳವಾಗಿ ಸಾಕು ಎಂದುಕೊಂಡೆ. ಚೀಟಿಯನ್ನು ನಂಬಿದ್ದು ನನ್ನ ಮೊದಲ ತಪ್ಪು, ಎಲ್ಲಕ್ಕಿಂತ ದೊಡ್ಡದೂ ಹೌದು.

ಜನವರಿ 29 ರಿಂದ ಫೆಬ್ರವರಿ 16: ಘಾಟ್‌ನಲ್ಲಿ ನಿಂತದ್ದು

ಮೊದಲ ಬೆಳಿಗ್ಗೆ ಚಾಂದಣಿ ಚೌಕ್ ಏರನ್ನು 16 ಕಿ.ಮೀ. ವೇಗದಲ್ಲಿ ಹತ್ತಿದೆ. ಮಂಡಿ ತುಟಿಪಿಟಿಕ್ ಎನ್ನಲಿಲ್ಲ. ಆ ಸಂತೋಷವನ್ನು ಇಲ್ಲಿ ಬರೆದು ತೋರಿಸಲಾರೆ.

ಸಂಜೆ ಪಿರಂಗುಟ್ ಘಾಟ್‌ನ ಎರಡನೆಯ ತಿರುವಿನಲ್ಲಿ ಡಿಸ್‌ಪ್ಲೇ ಆರಿತು, ಮೋಟಾರ್ ಸತ್ತಿತು. ಎಡಕ್ಕೆ ಇಳಿದು ನಿಂತೆ. ಒಂದು ನಿಮಿಷ ಬಿಟ್ಟು ಒತ್ತಿದರೆ ಡಿಸ್‌ಪ್ಲೇ ಬೆಳಗಿತು, ಬ್ಯಾಟರಿಯ ಐದು ಗೆರೆಗಳಲ್ಲಿ ಮೂರು ಇದ್ದವು. ಹತ್ತಿದೆ, 150 ಮೀಟರ್ ಹೋದ ಮೇಲೆ ಮತ್ತೆ ಸತ್ತಿತು. ಅಂದು ಘಾಟ್ ಮುಗಿಯುವುದರೊಳಗೆ ಏಳು ಸಲ ಹೀಗಾಯಿತು. ಮೇಲೆ ಬಂದು ಸಪಾಟಿಗೆ ಬಿದ್ದ ಮೇಲೆ ಏನೂ ಆಗದವರಂತೆ ಮನೆಯವರೆಗೂ ಓಡಿತು.

ಇಲ್ಲಿ ನಾನು ತಿಳಿದದ್ದು: 250 ವ್ಯಾಟ್ ಮೋಟಾರ್‌ಗೆ ಈ ಘಾಟ್ ಹೆಚ್ಚಾಯಿತು, ಅದು ಬಿಸಿಯಾಗಿ ಕಂಟ್ರೋಲರ್ ಕರೆಂಟ್ ಕಡಿಯುತ್ತಿದೆ. ಕೈಯಿಟ್ಟು ನೋಡಿದರೆ ಮೋಟಾರ್ ಬೆಚ್ಚಗೂ ಇತ್ತು. ಕೇಳಿದವರೆಲ್ಲರೂ ದೊಡ್ಡ ಮೋಟಾರ್ ಹಾಕು ಎಂದರು. ಒಂದೇ ಒಂದು ಸಲ ಏರಿನಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಮಲ್ಟಿಮೀಟರ್ ಇತ್ತು. ನಿಂತ ಸೈಕಲ್‌ನಲ್ಲಿ ಅಳೆದೆ, 36.1 ವೋಲ್ಟ್ ತೋರಿಸಿತು, ಬ್ಯಾಟರಿ ಸರಿಯಿದೆ ಎಂದು ಬರೆದುಕೊಂಡೆ. ಭಾರ ಹೊರಿಸದೆ ಅಳೆದ ಬ್ಯಾಟರಿಯ ವೋಲ್ಟೇಜ್, ಕುಳಿತಲ್ಲೇ ನಾಡಿ ಹಿಡಿದು ಮನುಷ್ಯ ಬೆಟ್ಟ ಹತ್ತಬಲ್ಲನೇ ಎಂದು ಹೇಳಿದ ಹಾಗೆ.

ಫೆಬ್ರವರಿ 18: ತಪ್ಪಿನ ಮೇಲೆ ತಪ್ಪು

ಮೋಟಾರ್ ಬದಲಿಸುವ ಮೊದಲು ಕಂಟ್ರೋಲರ್ ಬದಲಿಸಿ ನೋಡೋಣ ಎಂದು 22 ಆಂಪಿಯರ್‌ನದನ್ನು 1,900 ರೂಪಾಯಿಗೆ ತಂದೆ. ಮೂರು ದಪ್ಪ ತಂತಿ, ಐದು ಸಣ್ಣ ತಂತಿ. ಬಣ್ಣಕ್ಕೆ ಬಣ್ಣ ಜೋಡಿಸಿದರೆ ಗಾಲಿ ನಡುಗಿತು, ತಿರುಗಲಿಲ್ಲ. ಹಳದಿ, ಹಸಿರು, ನೀಲಿಗಳನ್ನು ಒಂದೊಂದಾಗಿ ಅದಲುಬದಲು ಮಾಡುತ್ತ, ಪ್ರತಿಯೊಂದನ್ನೂ ಕಾಗದದಲ್ಲಿ ಗುರುತು ಹಾಕುತ್ತ, ಹನ್ನೆರಡನೆಯ ಜೋಡಣೆಯಲ್ಲಿ ಸದ್ದಿಲ್ಲದೆ ಮುಂದಕ್ಕೆ ತಿರುಗಿತು. ಪ್ರತಿ ಪರೀಕ್ಷೆಯಲ್ಲೂ ಥ್ರಾಟಲ್ ಅನ್ನು ಕೂದಲೆಳೆಯಷ್ಟೇ ತಿರುಗಿಸಿ. ತಪ್ಪು ಜೋಡಣೆಯಲ್ಲಿ ಜೋರಾಗಿ ತಿರುಗಿಸಿದರೆ ಕಂಟ್ರೋಲರ್ ಸುಡುತ್ತದೆ.

ಮರುದಿನ ಬೆಳಿಗ್ಗೆ ಚಾಂದಣಿ ಚೌಕ್ ಏರನ್ನು 21 ಕಿ.ಮೀ. ವೇಗದಲ್ಲಿ ಹತ್ತಿದೆ. ಸಮಸ್ಯೆ ಮುಗಿಯಿತು ಎಂದು ಮನೆಗೆ ಫೋನ್ ಮಾಡಿ ಹೇಳಿದೆ. ಸಂಜೆ ಘಾಟ್‌ನಲ್ಲಿ ಎರಡನೆಯ ತಿರುವಿನವರೆಗೂ ಬರಲಿಲ್ಲ, ಬುಡದಲ್ಲೇ ಸತ್ತಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಮೋಟಾರ್ ಮತ್ತು ಬ್ಯಾಟರಿಯ ನಡುವೆ ನಡೆಯುತ್ತಿದ್ದದ್ದು ಅದೇ. ಎಳೆಯುವ ಆಸೆ ಹೆಚ್ಚಾದಷ್ಟೂ ಕೊಡುವವನ ಉಸಿರು ಬೇಗ ಕಟ್ಟುತ್ತಿತ್ತು. ಅದನ್ನು ಕಂಡೂ ನಾನು ಮೋಟಾರಿನತ್ತಲೇ ನೋಡುತ್ತಿದ್ದೆ.

ಫೆಬ್ರವರಿ 27ರ ಬೆಳಿಗ್ಗೆ ಅದೇ ಚಾಂದಣಿ ಚೌಕ್ ಏರಿನಲ್ಲಿ ಹಬ್ ಒಳಗಿನಿಂದ ಕರಕರ ಎಂಬ ಸದ್ದು ಬಂತು. ಮೋಟಾರ್ ತಿರುಗುತ್ತಿದೆ, ಗಾಲಿಗೆ ಬಲ ಬರುತ್ತಿಲ್ಲ. ಸಂಜೆ ಬಿಚ್ಚಿದೆ. ಫ್ರೀವೀಲ್ ತೆಗೆದು, ಬದಿಯ ಮುಚ್ಚಳದ ತಿರುಪುಗಳನ್ನು ಸಡಿಲಿಸಿ, ಅಚ್ಚಿನ ತುದಿಯನ್ನು ಮರದ ಮೇಲೆ ಮೆಲ್ಲಗೆ ಕುಟ್ಟಿದರೆ ಒಳಗಿನ ಭಾಗ ಹೊರಬರುತ್ತದೆ. ಮೂರು ಬಿಳಿ ನೈಲಾನ್ ಹಲ್ಲುಚಕ್ರಗಳಲ್ಲಿ ಒಂದರ ಆರು ಹಲ್ಲುಗಳು ಬುಡಸಮೇತ ಹೋಗಿದ್ದವು. ಆ ಚೂರುಗಳು ಗ್ರೀಸಿನಲ್ಲಿ ಅಕ್ಕಿ ನುಚ್ಚಿನಂತೆ ಅಂಟಿಕೊಂಡಿದ್ದವು. 15 ಆಂಪಿಯರ್‌ಗೆ ಮಾಡಿದ ಹಲ್ಲುಗಳಿಗೆ 22 ಆಂಪಿಯರ್ ಹೊರಿಸಿದ್ದರ ಫಲ. ಮೂರು ಚಕ್ರಗಳ ಹೊಸ ಜೊತೆಗೆ 850 ರೂಪಾಯಿ, ಬರಲು ಹನ್ನೆರಡು ದಿನ.

ಆ ಹನ್ನೆರಡು ದಿನ ಬಸ್ಸಿನಲ್ಲಿ ಓಡಾಡಿದೆ. ಕೈಗೆ ಕೆಲಸವಿಲ್ಲದ್ದರಿಂದ ತಲೆ ಕೆಲಸ ಮಾಡಿತು. 750 ರೂಪಾಯಿಗೆ ಒಂದು ವ್ಯಾಟ್‌ಮೀಟರ್ ಕೊಂಡೆ; ಬ್ಯಾಟರಿ ಮತ್ತು ಕಂಟ್ರೋಲರ್ ನಡುವೆ ಕೂರಿಸಿದರೆ ವೋಲ್ಟ್, ಆಂಪಿಯರ್, ಖರ್ಚಾದ ವ್ಯಾಟ್-ಅವರ್, ಜೊತೆಗೆ ವೋಲ್ಟೇಜ್ ಕುಸಿದ ಅತಿ ಕೆಳಗಿನ ಅಂಕಿಯನ್ನೂ ನೆನಪಿಟ್ಟು ತೋರಿಸುತ್ತದೆ. ಇದನ್ನು ಕಿಟ್‌ಗಿಂತಲೂ ಮೊದಲು ಕೊಳ್ಳಬೇಕಿತ್ತು.

ಮಾರ್ಚ್ 10: ಮೂರು ಬಲ್ಬುಗಳ ಒರೆಗಲ್ಲು

ಬ್ಯಾಟರಿಯನ್ನು ಒರೆಗೆ ಹಚ್ಚಲು ದುಬಾರಿ ಯಂತ್ರ ಬೇಕಿಲ್ಲ. ಗಾಡಿಯ ಹೆಡ್‌ಲೈಟಿನ 12 ವೋಲ್ಟ್, 60/55 ವ್ಯಾಟ್ ಬಲ್ಬು ಮೂರನ್ನು ಸರಣಿಯಾಗಿ ಜೋಡಿಸಿದರೆ 36 ವೋಲ್ಟ್‌ಗೆ ಸರಿಯಾಗುತ್ತದೆ, 60 ವ್ಯಾಟ್‌ನ ತಂತು ಸುಮಾರು 5 ಆಂಪಿಯರ್ ಎಳೆಯುತ್ತದೆ. ಬಲ್ಬುಗಳನ್ನು ಹಿಟ್ಟಿನ ಹಳೆಯ ತಗಡಿನ ಡಬ್ಬಿಯ ಮೇಲೆ ಕೂರಿಸಿ, ನೆಲದ ಮೇಲಿಟ್ಟು, ಮಧ್ಯಾಹ್ನ ಎರಡಕ್ಕೆ ಹಚ್ಚಿದೆ. ಅಡುಗೆಮನೆಯ ಗೋಡೆಯೆಲ್ಲ ಬೆಳಗಿತು. ಗಾಜು ಮುಟ್ಟಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ, ಮಕ್ಕಳಿರುವ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿ.

ಪೂರ್ತಿ ಚಾರ್ಜ್ ಆದ 10 ಆಂಪಿಯರ್-ಅವರ್ ಬ್ಯಾಟರಿಯಾಗಿದ್ದರೆ ಬಲ್ಬುಗಳು ಎರಡು ಗಂಟೆಯ ಹತ್ತಿರ ಉರಿಯಬೇಕಿತ್ತು. ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಕೋಣೆ ಕತ್ತಲಾಯಿತು. ಮೀಟರ್: 6.3 ಆಂಪಿಯರ್-ಅವರ್, 226 ವ್ಯಾಟ್-ಅವರ್.

ಅಷ್ಟಕ್ಕೇ ನಿಲ್ಲದೆ ಹೊರಗಿನ ನೀಲಿ ಪ್ಲಾಸ್ಟಿಕ್ ಹೊದಿಕೆಯನ್ನು ಸೀಳಿದೆ. ಒಳಗೆ ನಲವತ್ತು ಸೆಲ್‌ಗಳು, ನಾಲ್ಕು ಬೇರೆ ಬೇರೆ ಬಣ್ಣದವು. ಕೆಲವುಗಳ ತುದಿಯಲ್ಲಿ ಹಿಂದೆ ಎಲ್ಲೋ ಬೆಸೆದಿದ್ದ ಪಟ್ಟಿಯನ್ನು ಕಿತ್ತ ಗಾಯದ ಗುರುತು ಹಾಗೆಯೇ ಇತ್ತು. ಹಳೆಯ ಲ್ಯಾಪ್‌ಟಾಪ್‌ಗಳಿಂದ ತೆಗೆದವು. ಹತ್ತು ಗುಂಪುಗಳಲ್ಲಿ ಎರಡು ಉಳಿದವುಗಳಿಗಿಂತ 0.3 ವೋಲ್ಟ್ ಕೆಳಗಿದ್ದವು.

ಹೊಸ ಹಲ್ಲುಚಕ್ರಗಳೂ ಅಂದೇ ಬಂದಿದ್ದವು. ಬಿಳಿ ಲಿಥಿಯಂ ಗ್ರೀಸ್ ಹಚ್ಚಿ ಕೂರಿಸಿ, ಹಳೆಯ 15 ಆಂಪಿಯರ್ ಕಂಟ್ರೋಲರನ್ನೇ ಮತ್ತೆ ಹಾಕಿದೆ. ಬ್ಯಾಟರಿಗೆ ಹೊಸ ಹೊದಿಕೆ ಸುತ್ತಿ, ಮೀಟರ್ ಸಮೇತ ಒಂದು ಕೊನೆಯ ಸಲ ಘಾಟ್‌ಗೆ ಹೋದೆ. ನಿಂತಾಗ 36 ವೋಲ್ಟ್. ಏರಿನಲ್ಲಿ 14 ಆಂಪಿಯರ್ ಎಳೆದ ಕೂಡಲೇ 30.9. ಕಂಟ್ರೋಲರ್ 31ಕ್ಕೆ ಕಡಿಯುತ್ತದೆ. ಒಂದು ನಿಮಿಷ ಬಿಟ್ಟರೆ ಮತ್ತೆ 36. ಏಳು ಸಲ ನಿಂತದ್ದರ ಗುಟ್ಟು ಇಷ್ಟೇ. ಬ್ಯಾಟರಿಯಲ್ಲಿ ಕರೆಂಟ್ ಇತ್ತು, ಕೇಳಿದ ವೇಗದಲ್ಲಿ ಕೊಡುವ ಶಕ್ತಿ ಅದಕ್ಕಿರಲಿಲ್ಲ. ಮೋಟಾರ್ ಮೊದಲ ದಿನದಿಂದಲೂ ನಿರಪರಾಧಿ.

ಆ ನಲವತ್ತು ಸೆಲ್‌ಗಳನ್ನು ಗುಜರಿಗೆ ಹಾಕಲಿಲ್ಲ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ಕೊಟ್ಟು ಬಂದೆ. ಕಸದ ಗಾಡಿಯಲ್ಲಿ ಜಜ್ಜಿಹೋದ ಒಂದು ಸೆಲ್ ಸಾಕು, ಬೆಂಕಿ ಹತ್ತಲು.

ಯಾವ ಸೆಲ್, ಎಷ್ಟು

ಹೊಸ ಬ್ಯಾಟರಿಯನ್ನು ನಾನೇ ಕಟ್ಟುವುದೆಂದು ತೀರ್ಮಾನಿಸಿದೆ. ಆರಿಸಿಕೊಂಡದ್ದು ಲಿಥಿಯಂ ಐರನ್ ಫಾಸ್ಫೇಟ್, 32700 ಅಳತೆಯ, 6 ಆಂಪಿಯರ್-ಅವರ್ ಸೆಲ್. ತಲಾ 240 ರೂಪಾಯಿ, 24 ಸೆಲ್‌ಗಳಿಗೆ 5,760. ಎರಡೆರಡನ್ನು ಸಮಾಂತರವಾಗಿ, ಅಂಥ ಹನ್ನೆರಡು ಜೋಡಿಗಳನ್ನು ಸರಣಿಯಾಗಿ ಜೋಡಿಸಿದರೆ 38.4 ವೋಲ್ಟ್, 12 ಆಂಪಿಯರ್-ಅವರ್, ಸುಮಾರು 460 ವ್ಯಾಟ್-ಅವರ್. ಪೂರ್ತಿ ಚಾರ್ಜ್‌ಗೆ 43.8 ವೋಲ್ಟ್, 36 ವೋಲ್ಟ್ ಕಂಟ್ರೋಲರ್ ಒಳಗಿನ ಕೆಪಾಸಿಟರ್ ಮೇಲೆ 63 ವೋಲ್ಟ್ ಎಂದು ಬರೆದದ್ದನ್ನು ಬಿಚ್ಚಿ ನೋಡಿ ಖಚಿತಪಡಿಸಿಕೊಂಡೆ. ಇದೇ ಶಕ್ತಿಯ ಬೇರೆ ಲಿಥಿಯಂ ಸೆಲ್‌ಗಳಿಗಿಂತ ಇವು ಭಾರ. ಆದರೆ ಹೆಚ್ಚು ಕರೆಂಟ್ ಎಳೆದರೂ ಕುಸಿಯುವುದು ಕಡಿಮೆ, ಬಿಸಿಗೆ ಹೆದರುವುದು ಕಡಿಮೆ, ಬಾಳುವ ವರ್ಷಗಳು ಹೆಚ್ಚು. ನಾನು ಕಾರ್ಖಾನೆಗೆ ಹೋಗುವುದು ವರ್ಷಕ್ಕೆ ಮುನ್ನೂರು ದಿನ. ಒಂದು ಕಿಲೋ ಹೆಚ್ಚು ಹೊರಲು ಸಿದ್ಧ.

ದೊಡ್ಡ ಮೋಟಾರಿನ ಯೋಚನೆಯನ್ನು ಕೈಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮೋಟಾರಿನ ಮೂವತ್ತು ನಿಮಿಷದ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ.ಗಿಂತ ಕಡಿಮೆ ಎಂಬ ಗೆರೆಯನ್ನು ದಾಟಿದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಸೈಕಲ್ ಅಲ್ಲ, ಮೋಟಾರು ವಾಹನ; ನೋಂದಣಿ, ಪರವಾನಗಿ ಎಲ್ಲ ಬರುತ್ತದೆ. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ನಮ್ಮ ಕೋಥ್ರೂಡ್‌ನ ಬೆಟ್ಟದ ಮೇಲೆಯೇ ಇದೆ, ದಿನಾ ಅದರ ಕೆಳಗಿನಿಂದಲೇ ಹೋಗುತ್ತೇನೆ. ಡಿಸ್‌ಪ್ಲೇಯಲ್ಲಿ ವೇಗದ ಮಿತಿಯನ್ನು 24ಕ್ಕೆ ಇಟ್ಟಿದ್ದೇನೆ.

ಮಾರ್ಚ್ 17: ನಿಕಲ್ ಅಲ್ಲದ ನಿಕಲ್

ಬುಧವಾರ ಪೇಠ್‌ನ ತಪಕೀರ್ ಗಲ್ಲಿಯಲ್ಲಿ ಅರ್ಧ ದಿನ ಸುತ್ತಿ ಕನೆಕ್ಟರ್, ಸಿಲಿಕೋನ್ ತಂತಿ, 30 ಆಂಪಿಯರ್ ಫ್ಯೂಸ್, ಸೆಲ್ ಹಿಡಿಕೆಗಳು, ಕರೆಂಟ್ ದಾಟದಂತೆ ತಡೆಯುವ ಬಾರ್ಲಿ ಕಾಗದದ ಬಳೆಗಳನ್ನು ತಂದೆ. ಸೆಲ್‌ಗಳನ್ನು ಒಂದಕ್ಕೊಂದು ಜೋಡಿಸುವ ನಿಕಲ್ ಪಟ್ಟಿಯನ್ನು ಮಾತ್ರ ಬೇರೆ ಕಡೆಯಿಂದ 300 ರೂಪಾಯಿಗೆ ತರಿಸಿದ್ದೆ. ಒಂದು ತುಂಡನ್ನು ಗ್ರೈಂಡರ್ ಕಲ್ಲಿಗೆ ಒಡ್ಡಿದರೆ ಸುರುಸುರುಬತ್ತಿಯಂತೆ ಕಿಡಿ ಹಾರಿತು. ಶುದ್ಧ ನಿಕಲ್ ಹೀಗೆ ಕಿಡಿ ಕಾರುವುದಿಲ್ಲ. ಇನ್ನೊಂದು ತುಂಡನ್ನು ಗೀಚಿ ಉಪ್ಪುನೀರಿನಲ್ಲಿ ಇಟ್ಟೆ, ಬೆಳಿಗ್ಗೆಗೆ ಗೀಚಿದ ಗೆರೆಯ ಉದ್ದಕ್ಕೂ ಕಂದು ತುಕ್ಕು. ನಿಕಲ್ ಲೇಪಿಸಿದ ಕಬ್ಬಿಣ. ಕಬ್ಬಿಣ ನಿಕಲ್‌ಗಿಂತ ಹೆಚ್ಚು ತಡೆ ಒಡ್ಡುತ್ತದೆ, ಅಂದರೆ ಮತ್ತೆ ಅದೇ ಕುಸಿತ. ಶುದ್ಧ ನಿಕಲ್‌ನ 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಪಟ್ಟಿಯನ್ನು ಮತ್ತೆ ತರಿಸಿದೆ. ಸರಣಿಯ ಜೋಡಣೆಗಳಲ್ಲಿ ಮೂರು ಪದರ ಹಾಕಿದ್ದೇನೆ.

ಮಾರ್ಚ್ 24: ಬೆಸುಗೆ

ವಾರಜೆಯಲ್ಲಿ ವಿಜಯಪುರದ ಒಬ್ಬ ಹುಡುಗ ಸ್ಕೂಟರ್ ಬ್ಯಾಟರಿಗಳ ರಿಪೇರಿ ಮಾಡುತ್ತಾನೆ. ಮರಾಠಿಯಲ್ಲಿ ಮಾತು ಶುರುಮಾಡಿ ಎರಡನೆಯ ವಾಕ್ಯಕ್ಕೆ ಇಬ್ಬರೂ ಕನ್ನಡಕ್ಕೆ ಬಂದೆವು. ಭಾನುವಾರ ಅವನ ಸ್ಪಾಟ್ ವೆಲ್ಡಿಂಗ್ ಯಂತ್ರವನ್ನು 500 ರೂಪಾಯಿಗೆ ಬಿಟ್ಟುಕೊಟ್ಟ, ಪಕ್ಕದಲ್ಲಿ ನಿಂತು ಕಲಿಸಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಹಿಂದಿನ ರಾತ್ರಿ ನಾನು 24 ಸೆಲ್‌ಗಳನ್ನೂ ಸಮಾಂತರವಾಗಿ ಜೋಡಿಸಿ 3.65 ವೋಲ್ಟ್‌ಗೆ ಚಾರ್ಜ್ ಮಾಡಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿದ್ದೆ. ಅವನು ಅದನ್ನು ಕೇಳಿ ತಲೆಯಾಡಿಸಿದ. ಮೊದಲು ಸತ್ತ ಸೆಲ್ ಒಂದರ ಮೇಲೆ ಅಭ್ಯಾಸ. ಬೆಸೆದ ಪಟ್ಟಿಯನ್ನು ಇಕ್ಕಳದಿಂದ ಕಿತ್ತಾಗ ಪಟ್ಟಿ ಹರಿದು, ಚುಕ್ಕೆಗಳು ಸೆಲ್ ಮೇಲೆಯೇ ಉಳಿಯಬೇಕು. ಪಟ್ಟಿ ಇಡಿಯಾಗಿ ಬಂದರೆ ಬೆಸುಗೆ ಹಿಡಿದಿಲ್ಲ, ಸೆಲ್‌ನ ತಗಡು ತೂತಾದರೆ ಕರೆಂಟ್ ಹೆಚ್ಚಾಯಿತು. ನನ್ನ ಮೊದಲ ಒಂಬತ್ತು ಬೆಸುಗೆಗಳೂ ಇಡಿಯಾಗಿ ಕಿತ್ತು ಬಂದವು. ತಪ್ಪು ಯಂತ್ರದ್ದಲ್ಲ, ನನ್ನ ಕೈಯದು: ಎರಡು ತಾಮ್ರದ ಕಡ್ಡಿಗಳನ್ನು ಸಮನಾಗಿ ಒತ್ತುತ್ತಿರಲಿಲ್ಲ. ಮಣಿಕಟ್ಟನ್ನು ಮೇಜಿಗೆ ಊರಿ ಒತ್ತಿದ ಮೇಲೆ ಸರಿಹೋಯಿತು. ಧನ ತುದಿಗಳಿಗೆಲ್ಲ ಬಾರ್ಲಿ ಕಾಗದದ ಬಳೆ ಹಾಕಿದ ಮೇಲೆಯೇ ಪಟ್ಟಿ ಇಟ್ಟೆವು. ಅಲ್ಲಿ ಸೆಲ್‌ನ ಋಣ ಮೈ ಬರಿಯ ಒಂದು ಮಿಲಿಮೀಟರ್ ದೂರದಲ್ಲಿರುತ್ತದೆ. ನಾಲ್ಕು ಗಂಟೆಯ ಕೆಲಸ.

ಮಾರ್ಚ್ 31: ಸುಟ್ಟ ಬಿಎಂಎಸ್

ಇದನ್ನು ಬರೆಯಲು ಇವತ್ತಿಗೂ ಬೇಸರ. ಸೆಲ್‌ಗಳನ್ನು ಕಾಯುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಪಟ್ಟಿಗೆ ಹದಿಮೂರು ಸಣ್ಣ ತಂತಿಗಳು: ಒಂದು ಋಣಕ್ಕೆ, ಹನ್ನೆರಡು ಒಂದೊಂದು ಜೋಡಿಯ ಧನಕ್ಕೆ. ರಾತ್ರಿ ಹನ್ನೊಂದಾಗಿತ್ತು, ಮುಗಿಸಿ ಮಲಗುವ ಆತುರ. ಏಳನೆಯ ಮತ್ತು ಎಂಟನೆಯ ತಂತಿಗಳನ್ನು ಅದಲುಬದಲು ಬೆಸೆದಿದ್ದೆ. ಪರೀಕ್ಷಿಸದೆ ಕನೆಕ್ಟರ್ ಚುಚ್ಚಿದೆ. ಸಣ್ಣ ಚಟ್ ಸದ್ದು, ಒಂದು ಎಳೆ ಹೊಗೆ, ಸುಟ್ಟ ವಾರ್ನಿಷ್ ವಾಸನೆ. 3.3 ವೋಲ್ಟ್ ನಿರೀಕ್ಷಿಸುವ ಒಂದು ಜಾಗಕ್ಕೆ ಅಷ್ಟೇ ವೋಲ್ಟೇಜ್ ತಿರುಗುಮುರುಗಾಗಿ ಹೋಗಿತ್ತು, ಅದರ ಎರಡೂ ಬದಿಗೆ 6.6 ಹೋಗಿತ್ತು. 1,250 ರೂಪಾಯಿ ನಷ್ಟ. ಸೆಲ್‌ಗಳಿಗೆ ಏನೂ ಆಗಲಿಲ್ಲ ಎಂಬುದೇ ಪುಣ್ಯ.

ಎರಡನೆಯ ಬಿಎಂಎಸ್ ಬಂದ ಮೇಲೆ ಮಾಡಿದ್ದು: ಕನೆಕ್ಟರ್ ಚುಚ್ಚುವ ಮೊದಲು ಕಾಗದದ ಮೇಲೆ 3.3, 6.6, 9.9, 13.2 ಎಂದು 39.6ರವರೆಗೆ ಬರೆದುಕೊಂಡೆ. ಮೀಟರಿನ ಕಪ್ಪು ಕಡ್ಡಿ ಋಣದ ತೂತಿನಲ್ಲಿ, ಕೆಂಪು ಕಡ್ಡಿ ಒಂದೊಂದೇ ತೂತಿಗೆ. ಪ್ರತಿ ಅಂಕಿಯ ಮುಂದೆ ಗುರುತು. ಎರಡು ನಿಮಿಷದ ಕೆಲಸ, ಬೆಳಕಿನಲ್ಲಿ ಮಾಡಿದೆ.

ಏಪ್ರಿಲ್ 7 ಮತ್ತು 9: ಕೂರಿಸಿದ್ದು, ಹತ್ತಿದ್ದು

1.5 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಫ್ರೇಮ್‌ನ ತ್ರಿಕೋನಕ್ಕೆ ಸರಿಹೊಂದುವ ಪೆಟ್ಟಿಗೆ ಮಾಡಿ, ಒಳಗೆ ಸುತ್ತಲೂ ಫೋಮ್ ಹಾಕಿದೆ. ಎಲ್ಲ ಸೇರಿ 4.6 ಕೆ.ಜಿ. ಬಲ್ಬುಗಳ ಪರೀಕ್ಷೆಯಲ್ಲಿ ಈ ಬ್ಯಾಟರಿ ಎರಡು ಗಂಟೆ ಹದಿನೇಳು ನಿಮಿಷ ಉರಿಯಿತು, ಮೀಟರ್ 11.8 ಆಂಪಿಯರ್-ಅವರ್ ತೋರಿಸಿತು. ಅಷ್ಟು ಹೊತ್ತೂ ನಾನು ಎದುರಿಗೇ ಕೂತಿದ್ದೆ.

ಏಪ್ರಿಲ್ 9 ಯುಗಾದಿ, ಇಲ್ಲಿಯವರಿಗೆ ಗುಡಿ ಪಾಡ್ವಾ, ಕಾರ್ಖಾನೆಗೆ ರಜೆ. ಬೇವು ಬೆಲ್ಲ ತಿಂದು ಪಿರಂಗುಟ್‌ವರೆಗೆ ಹೋಗಿ ಹಿಂತಿರುಗಿದೆ. ಘಾಟ್‌ನ ಬುಡದಲ್ಲಿ ನಿಂತಾಗ ಮೀಟರ್ 39.3. ಕಣ್ಣು ಮೀಟರ್ ಮೇಲೆಯೇ ಇತ್ತು. 15 ಆಂಪಿಯರ್ ಎಳೆದಾಗ 37.7, ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಎರಡನೆಯ ತಿರುವು ದಾಟಿತು, ಎಂಟರ ಏರು ದಾಟಿತು, ಮೇಲೆ ಬಂದೆ. ಅದೇ ಮೋಟಾರ್, ಅದೇ ಕಂಟ್ರೋಲರ್. ರಸ್ತೆಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಏಪ್ರಿಲ್‌ನಿಂದ ಜುಲೈ: ದಿನದ ಅಂಕಿಗಳು

ಹೋಗುವಾಗ ಸರಾಸರಿ 135 ವ್ಯಾಟ್-ಅವರ್, ಬರುವಾಗ 175. ಒಟ್ಟು 310, ಕಿ.ಮೀ.ಗೆ 11. ತುಳಿಯುವಾಗ ಮೋಟಾರ್ ಕೊಡುವ ಸಹಾಯದ ಮಟ್ಟವನ್ನು ಮೂರರಿಂದ ಎರಡಕ್ಕೆ ಇಳಿಸಿದರೆ ಕಿ.ಮೀ.ಗೆ 8ಕ್ಕೆ ಬರುತ್ತದೆ, ಆರೇಳು ನಿಮಿಷ ಹೆಚ್ಚು ಹಿಡಿಯುತ್ತದೆ. ಒಂದು ಶನಿವಾರ ಪೂರ್ತಿ ದಾರಿಯನ್ನು ತುಳಿಯದೆ ಥ್ರಾಟಲ್‌ನಲ್ಲೇ ಹೋಗಿ ಬಂದೆ: ಕಿ.ಮೀ.ಗೆ 19, ಮನೆಗೆ ನಾಲ್ಕು ಕಿ.ಮೀ. ಇರುವಾಗ ಬ್ಯಾಟರಿ ಮುಗಿಯಿತು. ಈ ಬ್ಯಾಟರಿ ಎಷ್ಟು ದೂರ ಹೋಗುತ್ತದೆ ಎಂದು ಕೇಳುವವರಿಗೆ ನಾನು ಒಂದು ಅಂಕಿ ಹೇಳುವುದಿಲ್ಲ. ನೀವು ತುಳಿಯುತ್ತೀರಾ, ನಿಮ್ಮ ದಾರಿಯಲ್ಲಿ ಏರು ಎಷ್ಟಿದೆ ಎಂದು ಕೇಳುತ್ತೇನೆ.

ಘಾಟ್‌ನಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸಿತು. ಸಣ್ಣ ಗೇರ್‌ಗೆ ಹಾಕಿ, ಕಾಲನ್ನು ಹಗುರವಾಗಿ ಬೇಗ ಬೇಗ ಆಡಿಸುತ್ತ 15–16 ಕಿ.ಮೀ. ವೇಗ ಉಳಿಸಿಕೊಂಡರೆ ಮೀಟರ್ 8ರಿಂದ 9 ಆಂಪಿಯರ್ ತೋರಿಸುತ್ತದೆ. ತುಳಿಯುವುದನ್ನು ಬಿಟ್ಟು ಥ್ರಾಟಲ್ ಹಿಡಿದರೆ ವೇಗ 11ಕ್ಕೆ ಬೀಳುತ್ತದೆ, ಮೀಟರ್ ಮಾತ್ರ 15ಕ್ಕೆ ಏರಿ ಅಲ್ಲೇ ಕೂರುತ್ತದೆ. ನಿಧಾನವಾಗಿ ತಿರುಗುವ ಹಬ್ ಮೋಟಾರ್ ತಿಂದ ಕರೆಂಟಿನ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿ ಕಳೆಯುತ್ತದೆ. ಘಾಟ್ ಮೇಲೆ ಬಂದು ಹಬ್ ಮುಟ್ಟಿ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಒಂದು ದಿನ ಉಗುರು ಬೆಚ್ಚಗೆ, ಇನ್ನೊಂದು ದಿನ ಕೈಯಿಡಲಾಗದಷ್ಟು ಕಾವು.

ಡಿಸ್‌ಪ್ಲೇಯ ಬ್ಯಾಟರಿ ಗೆರೆಗಳನ್ನು ನೋಡುವುದನ್ನು ಬಿಟ್ಟಿದ್ದೇನೆ. ಈ ಸೆಲ್‌ಗಳ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮನೆ ಇರುವುದರಿಂದ ಐದು ಗೆರೆಗಳೂ ಹೊಳೆಯುತ್ತಲೇ ಇರುತ್ತವೆ, ಕಡೆಗೆ ಒಮ್ಮೆಲೇ ಆರುತ್ತವೆ. ಖರ್ಚಾದ ವ್ಯಾಟ್-ಅವರ್ ಒಂದೇ ನಂಬಬಹುದಾದ ಲೆಕ್ಕ. 380 ದಾಟಲು ಬಿಡುವುದಿಲ್ಲ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಮೂರನೆಯ ದಿನ ಮೋಟಾರ್ ಜರ್ಕು ಹೊಡೆಯಲಾರಂಭಿಸಿತು. ಅಚ್ಚಿನೊಳಗೆ ಹೋಗುವ ಕೇಬಲ್ ಮೇಲಿನಿಂದ ನೇರವಾಗಿ ಇಳಿದಿತ್ತು, ಮಳೆನೀರು ಅದರ ಮೈಮೇಲೆ ಹರಿದು ಹಬ್ ಒಳಕ್ಕೇ ಹೋಗಿತ್ತು. ಬಿಚ್ಚಿ ಒಂದು ದಿನ ಫ್ಯಾನಿನ ಕೆಳಗೆ ಒಣಗಿಸಿ, ಕೇಬಲನ್ನು ಅಚ್ಚಿಗಿಂತ ಒಂದು ಗೇಣು ಕೆಳಗೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಂದೆ. ಈಗ ನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಆಮೇಲೆ ತೊಂದರೆ ಬಂದಿಲ್ಲ.

ಖರ್ಚು

ಕಿಟ್ 12,800, ಮೊದಲ ಬ್ಯಾಟರಿ 9,500, ದೊಡ್ಡ ಕಂಟ್ರೋಲರ್ 1,900, ಹಲ್ಲುಚಕ್ರ 850, ಸೆಲ್‌ಗಳು 5,760, ಎರಡು ಬಿಎಂಎಸ್ 2,500, ಹಿಡಿಕೆ, ತಂತಿ, ಕನೆಕ್ಟರ್, ಶುದ್ಧ ನಿಕಲ್ 1,450, ಕಬ್ಬಿಣದ ಪಟ್ಟಿ 300, 43.8 ವೋಲ್ಟ್ ಚಾರ್ಜರ್ 1,600, ತಗಡು, ಫೋಮ್ 700, ವ್ಯಾಟ್‌ಮೀಟರ್ 750, ವೆಲ್ಡಿಂಗ್ 500. ಒಟ್ಟು 38,610 ರೂಪಾಯಿ. ಇದರಲ್ಲಿ ತಪ್ಪುಗಳಿಗೆ ತೆತ್ತದ್ದು 13,800.

ಜುಲೈ 14: ಉಳಿದ ಕೆಲಸ

ಯುಗಾದಿಯಿಂದ ಇವತ್ತಿನವರೆಗೆ 1,960 ಕಿ.ಮೀ. ಬೆಳಿಗ್ಗೆ ಮತ್ತೆ ಮೂರು ಬಲ್ಬು ಹಚ್ಚಿದೆ: ಎರಡು ಗಂಟೆ ಹದಿನಾರು ನಿಮಿಷ. ಮಂಡಿ ನೋವು ಹತೋಟಿಯಲ್ಲಿದೆ.

ಹಿಂಗಾಲಿಯ ಕಡ್ಡಿಗಳು ಮಾತ್ರ ಮುರಿಯುತ್ತಿವೆ, ಮೂರು ವಾರದಲ್ಲಿ ಮೂರು. ಮೂರೂ ಫ್ರೀವೀಲ್ ಬದಿಯವು, ಮೂರೂ ಹಬ್‌ನ ತೂತಿನಲ್ಲಿ ಬಾಗುವ ಜಾಗದಲ್ಲೇ ತುಂಡಾಗಿವೆ. ಕಡ್ಡಿಯ ಬಾಗಿಗೂ ಹಬ್‌ನ ತಗಡಿಗೂ ನಡುವೆ ಸಂದು ಇದೆ, ಉಗುರು ತೂರುವಷ್ಟು. ಕಡ್ಡಿ ಅಲ್ಲಿ ಪ್ರತಿ ಸುತ್ತಿಗೂ ಮಣಿದು ಸವೆಯುತ್ತಿದೆ ಎಂದು ತೋರುತ್ತದೆ. ತಲೆಯ ಕೆಳಗೆ ಹಾಕಲು ಸಣ್ಣ ಹಿತ್ತಾಳೆ ವಾಷರ್‌ಗಳನ್ನು ಲೇತ್‌ನಲ್ಲಿ ಕತ್ತರಿಸಿಟ್ಟಿದ್ದೇನೆ, 36. ಮುಂದಿನ ಭಾನುವಾರ ಗಾಲಿಯನ್ನು ಪೂರ್ತಿ ಬಿಚ್ಚಿ ಮರುಕಟ್ಟಬೇಕು. ಆಗುವವರೆಗೆ ಚೀಲದಲ್ಲಿ ಎರಡು ಕಡ್ಡಿ, ಒಂದು ಕಡ್ಡಿ ಪಾನಾ ಇಟ್ಟುಕೊಂಡೇ ಹೊರಡುತ್ತಿದ್ದೇನೆ.